ನೀರಿಗೆ ಎದ್ದವನೂ ಶಂಕಿತನೇ?

ಮಾನ್ಯ ಸಂಪಾದಕರೇ,

ಬುಧವಾರದ ನಿಮ್ಮ ಪತ್ರಿಕೆಯ ಮೂರನೇ ಪುಟದಲ್ಲಿ ‘ನಾಗರಿಕರ ಗಸ್ತು: ನಸುಕಿನಲ್ಲಿ ಶಂಕಿತನ ತಡೆ’ ಎಂಬ ವರದಿ ಬಂದಿದೆಯಲ್ಲ, ಆ ಶಂಕಿತ ನಾನೇ. ‘ಸುಮಾರು 75 ವರ್ಷದ ಅಪರಿಚಿತ ವ್ಯಕ್ತಿ’ ಎಂದು ಬರೆದಿದ್ದೀರಿ. ನನಗೆ 67. ಅಪರಿಚಿತನಂತೂ ಅಲ್ಲ. 1994ರಿಂದ ಅದೇ ಎರಡನೇ ಅಡ್ಡರಸ್ತೆಯಲ್ಲಿ ಇದ್ದೇನೆ. ನನ್ನನ್ನು ತಡೆದವರಲ್ಲಿ ಅರ್ಧ ಜನ ಆಗ ಹುಟ್ಟಿಯೇ ಇರಲಿಲ್ಲ.

ನಡೆದದ್ದು ಇಷ್ಟು. ನಮ್ಮಲ್ಲಿ ನಲ್ಲಿ ನೀರು ಎಂಟು ದಿನಕ್ಕೊಮ್ಮೆ, ಕೆಲವೊಮ್ಮೆ ಹತ್ತು. ಯಾವ ದಿನ ಎಂಬುದು ಹೇಗೋ ಬೀದಿಗೆಲ್ಲ ತಿಳಿಯುತ್ತದೆ. ಯಾವ ಹೊತ್ತು ಎಂಬುದು ಮಾತ್ರ ನೀರು ಬಿಡುವವನ ಚಿತ್ತ. ಬೀದಿಯ ತಿರುವಿನಲ್ಲಿ ವಾಲ್ವ್ ಗುಂಡಿ ಇದೆ. ಅದರ ಮುಚ್ಚಳಕ್ಕೆ ಕಿವಿಯಿಟ್ಟರೆ ಒಳಗೆ ಸುಯ್ ಎನ್ನುವ ಸದ್ದು ಕೇಳುತ್ತದೆ. ಕೇಳಿತೆಂದರೆ ಹತ್ತು ನಿಮಿಷದಲ್ಲಿ ನಮ್ಮ ಮನೆ ಮುಂದಿನ ನಲ್ಲಿ ಗುಂಡಿಗೆ ನೀರು ಇಳಿಯುತ್ತದೆ. ಆ ಗುಂಡಿಯ ಮೇಲಿನ ಚಪ್ಪಡಿ ಎತ್ತಲು ಸಲಾಕೆ ಬೇಕು. ಹೀಗಾಗಿ ಮಂಗಳವಾರ ನಸುಕಿನ 3.40ಕ್ಕೆ ತಲೆಗೆ ಮಫ್ಲರ್, ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಸಲಾಕೆ, ಮಂಡಿಯೂರಿ ನೆಲಕ್ಕೆ ಕಿವಿ. ಕಂಡವರಿಗೆ ಅನುಮಾನ ಬರುವುದು ಸಹಜವೇ ಎಂದು ನನ್ನ ಹೆಂಡತಿಯೂ ಹೇಳುತ್ತಾಳೆ. ಅದು ಬೇರೆ ಮಾತು.

ಎಂಟು ಜನ ಬಂದರು. ಇಬ್ಬರ ಕೈಯಲ್ಲಿ ಕ್ರಿಕೆಟ್ ಬ್ಯಾಟು, ಒಬ್ಬನ ಬಾಯಲ್ಲಿ ಸೀಟಿ, ಒಬ್ಬ ಮೊಬೈಲ್ ಎತ್ತಿ ಹಿಡಿದು ವಿಡಿಯೊ ಮಾಡುತ್ತಲೇ ಬಂದ. ‘ಯಾರೋ ನೀನು?’ ಎಂದು ಏಕವಚನದಲ್ಲೇ ಆರಂಭ. ಎರಡನೇ ಅಡ್ಡರಸ್ತೆಯವನು ಎಂದೆ. ಆಧಾರ್ ತೋರಿಸು ಎಂದರು. ನೀರು ಹಿಡಿಯಲು ಎದ್ದವನು ಲುಂಗಿಯ ಅಂಚಿನಲ್ಲಿ ಆಧಾರ್ ಕಟ್ಟಿಕೊಂಡು ಬರುತ್ತಾನೆಯೇ? ಪೊಲೀಸರೇ ಬಂದು ನೋಡಲಿ, 112ಕ್ಕೆ ಕರೆ ಮಾಡಿ ಎಂದು ನಾನೇ ಹೇಳಿದೆ. ‘ಅದು 100 ಅಲ್ಲವೇ?’ ಎಂದು ಒಬ್ಬ ಇನ್ನೊಬ್ಬನನ್ನು ಕೇಳಿದ. ಇವರು ನಮ್ಮನ್ನು ಕಾಯುವವರು!

ಅರಳಿಕಟ್ಟೆಯ ಮೇಲೆ ನನ್ನನ್ನು ಐವತ್ತು ನಿಮಿಷ ಕೂರಿಸಿದರು. ಕೊನೆಗೆ ತಡವಾಗಿ ಬಂದ ಒಬ್ಬ ಟಾರ್ಚನ್ನು ನೇರ ಮುಖಕ್ಕೇ ಬಿಟ್ಟು ‘ಮೇಷ್ಟ್ರೇ, ನೀವೇ?’ ಎಂದ. ಒಂಬತ್ತನೇ ತರಗತಿಯಲ್ಲಿ ಅವನಿಗೆ ಗಣಿತದಲ್ಲಿ 35 ಅಂಕ ಹೇಗೆ ಬಂತು ಎಂಬುದು ನನಗೂ ಅವನಿಗೂ ಮಾತ್ರ ಗೊತ್ತು. ಅಷ್ಟರಲ್ಲಿ ನೀರು ಬಂದು ಹೋಗಿತ್ತು. ಸಂಪಿನ ತಳದಲ್ಲಿ ಒಂದು ಗೇಣು ಕೆಸರು ನೀರು. ಗುರುವಾರ ನಾದಿನಿಯ ಮನೆಯವರು ಆರು ಜನ ಬರುವವರಿದ್ದರು. ಟ್ಯಾಂಕರ್ ತರಿಸಿ 600 ರೂಪಾಯಿ ತೆತ್ತೆ. ಮಂಡಿ ಇನ್ನೂ ನೋಯುತ್ತಿದೆ. ‘ಕಳ್ಳ ಸಿಕ್ಕ’ ಎಂಬ ಒಕ್ಕಣೆಯ ವಿಡಿಯೊ ನಾನು ಮನೆ ಸೇರುವ ಮೊದಲೇ ಹುಬ್ಬಳ್ಳಿಯಲ್ಲಿರುವ ಮಗಳ ಮೊಬೈಲ್ ಸೇರಿತ್ತು. ಬೆಳಗಿನ ವಾಯುವಿಹಾರದ ಗೆಳೆಯರು ಈಗ ನನ್ನನ್ನು ‘ಬನ್ನಿ ಶಂಕಿತರೇ’ ಎಂದೇ ಕರೆಯುತ್ತಾರೆ.

ನಿಮ್ಮ ವರದಿಯಲ್ಲಿ ಇಲ್ಲದ ಸಂಗತಿ ಇನ್ನೊಂದಿದೆ. ಕಳ್ಳ ಸಿಕ್ಕ ಸಂಭ್ರಮದಲ್ಲಿ ಎಂಟೂ ಜನ ನನ್ನ ಸುತ್ತ ನಿಂತಿದ್ದಾಗ, ನಾಲ್ಕನೇ ಅಡ್ಡರಸ್ತೆಯಲ್ಲಿ ಬೀಗ ಹಾಕಿದ್ದ ಮನೆಯೊಂದರ ಸಂಪಿನ ಮೋಟಾರ್ ಹೋಯಿತು. ಪೈಪು ಕೊಯ್ದಿಲ್ಲ, ವೈರು ಕಿತ್ತಿಲ್ಲ. ಸ್ಪ್ಯಾನರ್ ಹಾಕಿ ಸಮಾಧಾನವಾಗಿ ಬಿಚ್ಚಿ, ನಾಲ್ಕು ನಟ್ಟುಗಳನ್ನು ಸಂಪಿನ ಕಟ್ಟೆಯ ಮೇಲೆ ಸಾಲಾಗಿ ಇಟ್ಟು ಹೋಗಿದ್ದಾನೆ. ಅಷ್ಟು ಪುರುಸೊತ್ತು ಅವನಿಗೆ ಮಾಡಿಕೊಟ್ಟವನು ನಾನು ಎಂದು ಆ ಮನೆಯವರು ಈಗ ನನ್ನ ಮೇಲೆಯೇ ಮುನಿಸಿಕೊಂಡಿದ್ದಾರೆ.

ನಗುವ ವಿಷಯವೂ ಅಲ್ಲ ಇದು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಏನಾಯಿತು? ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದನ್ನೇ ತಪ್ಪು ತಿಳಿದು, ಮಕ್ಕಳ ಕಳ್ಳರು ಎಂಬ ವಾಟ್ಸ್‌ಆ್ಯಪ್ ವದಂತಿ ನಂಬಿ, ಹೈದರಾಬಾದಿನಿಂದ ಬಂದಿದ್ದ ಎಂಜಿನಿಯರ್ ಒಬ್ಬರನ್ನು ಜನ ಹೊಡೆದು ಕೊಂದರು. ಅದಕ್ಕೂ ಎರಡು ತಿಂಗಳ ಹಿಂದೆ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬ ಹೀಗೆಯೇ ಸತ್ತ. ನನಗೆ ಮೇಷ್ಟ್ರು ಎಂದು ಕರೆಯುವವನೊಬ್ಬ ಸಿಕ್ಕಿದ. ನಸುಕಿನ ಬಸ್ಸಿಳಿದು ಗಂಟು ಹೊತ್ತು ಬರುವ ಕೂಲಿಯವನಿಗೆ ಯಾರು ಸಿಗುತ್ತಾರೆ?

ಕಾನೂನಾದರೂ ಏನು ಹೇಳುತ್ತದೆ? ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಪ್ರಕಾರ ಖಾಸಗಿಯವರು ಹಿಡಿಯಬಹುದಾದದ್ದು ಘೋಷಿತ ಅಪರಾಧಿಯನ್ನು, ಇಲ್ಲವೇ ತಮ್ಮ ಕಣ್ಣೆದುರೇ ಜಾಮೀನುರಹಿತವೂ ಸಂಜ್ಞೇಯವೂ (ಎಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದದ್ದು) ಆದ ಅಪರಾಧ ಎಸಗಿದವನನ್ನು. ಹಿಡಿದ ಮೇಲೆ ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು. ವಾಲ್ವ್‌ಗೆ ಕಿವಿ ಕೊಡುವುದು ಇದರಲ್ಲಿ ಎಲ್ಲಿ ಬರುತ್ತದೆಯೋ ಊರಿನ ವಕೀಲರು ತಿಳಿಸಲಿ.

ಮೊದಲು ನಮ್ಮ ಬಡಾವಣೆಗೆ ಒಬ್ಬ ಗೂರ್ಖಾ ಇದ್ದ. ರಾತ್ರಿಯಿಡೀ ಸೈಕಲ್ ತುಳಿಯುತ್ತಿದ್ದ, ಕಂಬಕ್ಕೊಮ್ಮೆ ಲಾಠಿ ಬಡಿಯುತ್ತಿದ್ದ, ತಿಂಗಳ ಮೊದಲ ಭಾನುವಾರ ಗೇಟಿನ ಮುಂದೆ ಸಲಾಮು ಹೊಡೆದು ಐವತ್ತು ರೂಪಾಯಿ ತೆಗೆದುಕೊಂಡು ಹೋಗುತ್ತಿದ್ದ. ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರಿಗೆ ರಾತ್ರಿ ಪಾಳಿ, ಯಾವ ಮೇಷ್ಟ್ರು ನೀರಿಗೆ ಏಳುತ್ತಾರೆ ಎಲ್ಲವೂ ಅವನಿಗೆ ಗೊತ್ತಿತ್ತು. ವಾಲ್ವ್ ಬಿಟ್ಟರೆ ನಮ್ಮ ಗೇಟಿಗೆ ಎರಡು ಸಲ ಬಡಿದು ಹೋಗುತ್ತಿದ್ದ. ‘ನಮ್ಮದೇ ಗಸ್ತು ಇದ್ದಮೇಲೆ ಅವನೇಕೆ’ ಎಂದು ಸಂಘದವರು ಬಿಡಿಸಿದರು. ಉಳಿದ ಐವತ್ತು ರೂಪಾಯಿ ಈಗ ಗಸ್ತಿನವರ ಟೀಶರ್ಟಿಗೆ. ಬೆನ್ನ ಮೇಲೆ ದೊಡ್ಡ ಅಕ್ಷರದಲ್ಲಿ ‘ರಕ್ಷಕ’ ಎಂದಿದೆ. ಕತ್ತಲಲ್ಲಿ ಓದಲು ಬರುವುದಿಲ್ಲ, ಏಕೆಂದರೆ ಬೀದಿದೀಪ ಉರಿಯುವುದಿಲ್ಲ.

ದೀಪದ ಕಥೆ ಕೇಳಿ. ವಾಲ್ವ್ ಗುಂಡಿಯ ಎದುರಿನ ಕಂಬದ ದೀಪ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಚೆನ್ನಾಗಿ ಉರಿಯುತ್ತದೆ, ಕಚೇರಿ ವೇಳೆಗೆ ಸರಿಯಾಗಿ. ಮೂರು ಅರ್ಜಿ ಕೊಟ್ಟೆ. ಮೊದಲನೆಯದಕ್ಕೆ ಸ್ವೀಕೃತಿ ಕೊಟ್ಟರು, ಎರಡನೆಯದಕ್ಕೆ ಗುತ್ತಿಗೆದಾರರ ಅವಧಿ ಮುಗಿದಿದೆ ಎಂದರು, ಮೂರನೆಯದಕ್ಕೆ ಅದೇ ಅಧಿಕಾರಿ ‘ಮೊದಲೇ ಏಕೆ ಹೇಳಲಿಲ್ಲ?’ ಎಂದು ನನ್ನನ್ನೇ ಕೇಳಿದರು. ಸಿಸಿಟಿವಿ ಇದೆಯಲ್ಲ ಎನ್ನಬೇಡಿ. ಮನೆಗೆ 1,500ರಂತೆ ವಂತಿಗೆ ಎತ್ತಿ ಹಾಕಿಸಿದ ನಾಲ್ಕು ಕ್ಯಾಮೆರಾಗಳಲ್ಲಿ ಒಂದು ಹೊಂಗೆ ಮರದ ಕೊಂಬೆಯನ್ನು ಎರಡು ವರ್ಷದಿಂದ ಕಾಯುತ್ತಿದೆ. ಉಳಿದವುಗಳ ದೃಶ್ಯ ನೋಡೋಣ ಎಂದರೆ ಪಾಸ್‌ವರ್ಡ್ ಅಧ್ಯಕ್ಷರ ಮಗನಿಗೆ ಮಾತ್ರ ಗೊತ್ತಂತೆ. ಮಗ ಬೆಂಗಳೂರಿನಲ್ಲಿ.

ಇನ್ನು ಬೀಟ್ ಪೊಲೀಸರು. 2025ರ ಜುಲೈನಲ್ಲಿ ಸರ್ಕಾರ ‘ಮನೆ ಮನೆಗೆ ಪೊಲೀಸ್’ ಆರಂಭಿಸಿತು. ಪೊಲೀಸರೇ ಮನೆಗಳಿಗೆ ಬಂದು ಪರಿಚಯ ಮಾಡಿಕೊಂಡು ಕಷ್ಟ ಕೇಳುತ್ತಾರೆ ಎಂದು ಓದಿ ಸಂತೋಷಪಟ್ಟೆ. ಒಳ್ಳೆಯ ಯೋಜನೆಯೇ. ನಮ್ಮ ಮನೆ ಯಾವ ಮನೆಯಾದ ಮೇಲೆ ಬರುತ್ತದೋ ಎಂದು ಕಾಯುತ್ತಿದ್ದೇನೆ. ಕಾಫಿಪುಡಿ ತಂದಿಟ್ಟದ್ದು ಎರಡು ಸಲ ಮುಗಿಯಿತು. ಗಸ್ತು ತಂಡ ಕಟ್ಟುವ ಸಭೆಗೆ ಮಾತ್ರ ಅಧಿಕಾರಿಯೊಬ್ಬರು ಬಂದಿದ್ದರು. ‘ನೀವೆಲ್ಲ ಓಬವ್ವನ ನಾಡಿನವರು, ನಿಮಗೆ ಭಯವೇ?’ ಎಂದು ಭಾಷಣ ಮಾಡಿ ಹಾರ ಹಾಕಿಸಿಕೊಂಡು ಹೋದರು. ದುರ್ಗಕ್ಕೆ ವರ್ಗವಾಗಿ ಬರುವ ಅಧಿಕಾರಿಗಳಿಗೆಲ್ಲ ಆದೇಶದ ಜೊತೆಗೇ ಈ ಭಾಷಣವನ್ನೂ ಕೊಟ್ಟು ಕಳಿಸುತ್ತಾರೋ ಏನೋ. ಓಬವ್ವನ ಗಂಡ ಕಾವಲಿನವನು, ಊಟಕ್ಕೆಂದು ಮನೆಗೆ ಬಂದಿದ್ದ. ಊಟ ಮುಗಿಸಿ ಕಾವಲಿಗೆ ಮರಳಿದ ಕೂಡ. ನಮ್ಮವರು ಊಟಕ್ಕೆ ಹೋದವರು ಹೋದರೇ. ಓಬವ್ವ ಕಿಂಡಿಯ ಬಳಿಗೆ ಹೋದದ್ದೂ ನೀರಿಗಾಗಿಯೇ ಎಂಬುದನ್ನು ಯಾರೂ ಭಾಷಣದಲ್ಲಿ ಹೇಳುವುದಿಲ್ಲ. ಇಂದಿನ ದಿನ ಆಗಿದ್ದರೆ ಒನಕೆ ಹಿಡಿದು ನಿಂತ ಆಕೆಯನ್ನೇ ಹಿಡಿದು ಆಧಾರ್ ಕೇಳುತ್ತಿದ್ದರು.

ನೀರಿನ ಮಾತು ಬಂತೆಂದು ಹೇಳುತ್ತೇನೆ. ವಾಣಿ ವಿಲಾಸ ಸಾಗರ 1933ರ ನಂತರ ಕೋಡಿ ಬಿದ್ದದ್ದು 2022ರಲ್ಲಿ. 2025ರ ಜನವರಿಯಲ್ಲಿ ಮತ್ತೆ ಬಿತ್ತು. ಬಾಗಿನ ಬಿಟ್ಟರು, ಫೋಟೊ ಬಂತು, ನಾವೂ ಹೋಗಿ ನೋಡಿ ಕೈಮುಗಿದು ಬಂದೆವು. ಕೆರೆ ತುಂಬಿದರೂ ಎಂಟು ದಿನ, ತುಂಬದಿದ್ದರೂ ಎಂಟು ದಿನ. ಹಗಲು ಹೊತ್ತಿನಲ್ಲಿ, ಹೇಳಿದ ಸಮಯಕ್ಕೆ ಒಂದು ಗಂಟೆ ನೀರು ಬಿಟ್ಟಿದ್ದರೆ ನಾನು ಆ ಹೊತ್ತಿಗೆ ಹಾಸಿಗೆಯಲ್ಲಿರುತ್ತಿದ್ದೆ, ಎಂಟು ಹುಡುಗರು ನಾಲ್ಕನೇ ಅಡ್ಡರಸ್ತೆಯಲ್ಲಿರುತ್ತಿದ್ದರು, ಮೋಟಾರು ಅದರ ಜಾಗದಲ್ಲಿರುತ್ತಿತ್ತು.

ಆದ್ದರಿಂದ ಸಂಬಂಧಪಟ್ಟವರು ಕೂಡಲೇ ಈ ಗಸ್ತನ್ನು ನಿಲ್ಲಿಸಬೇಕು. ಅದು ಆಗದಿದ್ದರೆ ಇನ್ನಷ್ಟು ಜನರನ್ನು ಸೇರಿಸಿ, ಬೀದಿಯ ಹಿರಿಯರೊಬ್ಬರನ್ನಾದರೂ ಜೊತೆಗಿಟ್ಟು ನಾಲ್ಕೂ ಅಡ್ಡರಸ್ತೆಗಳಿಗೆ ಹಂಚಬೇಕು. ದೀಪ ಹಾಕಬೇಕು. ಗೂರ್ಖಾನನ್ನು ಹುಡುಕಿ ತರಬೇಕು. ಸಂಬಂಧಪಟ್ಟವರು ಯಾರು ಎಂಬುದನ್ನು ಮೊದಲು ಅವರೇ ತಮ್ಮೊಳಗೆ ತೀರ್ಮಾನಿಸಿಕೊಳ್ಳಲಿ. ನಾನು ಹೋದ ಮೂರೂ ಕಡೆ ‘ಅದು ನಮಗೆ ಬರುವುದಿಲ್ಲ’ ಎಂದೇ ಹೇಳಿದ್ದಾರೆ. ಸಂಬಳ ಮಾತ್ರ ಎಲ್ಲರಿಗೂ ಬರುತ್ತದೆ. ತಾವೂ ನನ್ನ ವಯಸ್ಸನ್ನಾದರೂ ತಿದ್ದಿ ಪ್ರಕಟಿಸಬೇಕು.

ನಮ್ಮ ಮುಂದಿನ ಸರದಿ ಬರುವ ಬುಧವಾರವಂತೆ, ಗುರುವಾರವೂ ಆಗಬಹುದಂತೆ. ಎರಡೂ ದಿನ ನಸುಕಿನಲ್ಲಿ ಮಫ್ಲರ್ ಸುತ್ತಿ, ಸಲಾಕೆ ಹಿಡಿದು ತಿರುವಿನಲ್ಲಿ ಮಂಡಿಯೂರಿರುವವನು ನಾನೇ ಎಂದು ಗಸ್ತಿನವರ ಗಮನಕ್ಕೆ ಈ ಮೂಲಕ ತರುತ್ತಿದ್ದೇನೆ.

— ನಿವೃತ್ತ ಗಣಿತ ಶಿಕ್ಷಕ, ಚಿತ್ರದುರ್ಗ

(ಹೆಸರು ಹಾಕಬೇಡಿ. ಇರುವ ಪ್ರಚಾರವೇ ಸಾಕಾಗಿದೆ.)