ಪ್ರಕೃತಿ ಚಿಕಿತ್ಸೆಗೆ ಹೋಗುವ ಮುಂಚೆ ಡಾಕ್ಟರ ನೋಂದಣಿ ಸಂಖ್ಯೆ ಕೇಳಿ

ಮಾನ್ಯ ಸಂಪಾದಕರೇ,

ಈಚೆಗೆ ಗೋಡೆಗಳ ಮೇಲೆ, ವಾಟ್ಸಾಪ್‌ನಲ್ಲಿ, ಪೇಪರ್ ಒಳಗೆ ಇಟ್ಟು ಹಂಚುವ ಕರಪತ್ರಗಳಲ್ಲಿ ಒಂದೇ ಮಾತು ಕಾಣುತ್ತಿದೆ. ಹತ್ತೇ ದಿನದಲ್ಲಿ ಶುಗರ್ ಮಾಯ, ಮಾತ್ರೆ ಬಿಟ್ಟುಬಿಡಿ ಅಂತ. ಕೆಳಗೆ ದಪ್ಪ ಅಕ್ಷರದಲ್ಲಿ 'ಪ್ರಕೃತಿ ಚಿಕಿತ್ಸಾ ಶಿಬಿರ'. ನಾನು ಮೈಸೂರಿನಲ್ಲಿ ಪ್ರಕೃತಿ ಚಿಕಿತ್ಸಾ ವೈದ್ಯೆ. ಇದನ್ನು ನೋಡಿದಾಗಲೆಲ್ಲ ಸಂಕಟವಾಗುತ್ತದೆ. ನಮ್ಮ ಚಿಕಿತ್ಸೆ ಏನು, ಅದರಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂದು ನಿಮ್ಮ ಓದುಗರಿಗೆ ಹೇಳಬೇಕು ಅನ್ನಿಸಿತು.

ನಮ್ಮ ಹತ್ತಿರ ಬರುವವರು ಮೊದಲು ಕೇಳುವುದೇ ಇದು: 'ಮೇಡಂ, ನೀವು ಆಯುರ್ವೇದದವರಾ, ಹೋಮಿಯೋಪತಿಯವರಾ?' ಎರಡೂ ಅಲ್ಲ. ನಮ್ಮಲ್ಲಿ ಕಷಾಯ ಇಲ್ಲ, ಲೇಹ್ಯ ಇಲ್ಲ, ಸಕ್ಕರೆ ಗುಳಿಗೆಯೂ ಇಲ್ಲ. ಊಟ, ಉಪವಾಸ, ನೀರು, ಮಣ್ಣು, ಹಬೆ, ಬಿಸಿಲು, ಮಾಲೀಸು, ಯೋಗ ಇವೇ ನಮ್ಮ ಸಾಮಾನು. ಅಮೆರಿಕದಲ್ಲಿ ಇದೇ 'ನ್ಯಾಚುರೋಪತಿ' ಹೆಸರಿನ ವೈದ್ಯರು ಗಿಡಮೂಲಿಕೆ, ವಿಟಮಿನ್ ಮಾತ್ರೆಗಳನ್ನೂ ಕೊಡುತ್ತಾರೆ. ನಮ್ಮ ದೇಶದಲ್ಲಿ ಬೆಳೆದದ್ದು ಔಷಧಿ ಕೊಡದ ಪದ್ಧತಿ.

ಮಣ್ಣಿನ ಪಟ್ಟಿಯನ್ನೇ ತಗೊಳ್ಳಿ. ಕೈಗೆ ಸಿಕ್ಕಿದ ಮಣ್ಣು ಮೆತ್ತುವುದಲ್ಲ ಅದು. ಗೊಬ್ಬರ, ಕೀಟನಾಶಕ ಸೋಕದ ಜಾಗದಲ್ಲಿ ಮೂರು ನಾಲ್ಕು ಅಡಿ ಆಳದಿಂದ ಮಣ್ಣು ತೆಗೆಸುತ್ತೇವೆ. ಬಿಸಿಲಿಗೆ ಹರವಿ ಒಣಗಿಸಿ, ಹೆಂಟೆ ಒಡೆದು, ಕಲ್ಲು ಬೇರು ಉಳಿಯದ ಹಾಗೆ ಜರಡಿ ಹಿಡಿಯುತ್ತೇವೆ. ರಾತ್ರಿ ನೀರಲ್ಲಿ ನೆನೆಹಾಕಿದರೆ ಬೆಳಿಗ್ಗೆ ಬೆಣ್ಣೆಯ ಹಾಗೆ ಮೆತ್ತಗಾಗಿರುತ್ತದೆ. ಅದನ್ನು ಹತ್ತಿ ಬಟ್ಟೆಯ ಮೇಲೆ ಒಂದು ಬೆರಳು ದಪ್ಪ ಸವರಿ, ಖಾಲಿ ಹೊಟ್ಟೆಯ ಮೇಲೆ ಇಪ್ಪತ್ತರಿಂದ ಮೂವತ್ತು ನಿಮಿಷ ಇಡುತ್ತೇವೆ. ಚಳಿ ಹತ್ತಿದ ರೋಗಿಗೆ ಇಡುವುದಿಲ್ಲ. ಹಬೆ ಸ್ನಾನಕ್ಕೂ ಅಷ್ಟೆ, ಲೆಕ್ಕಾಚಾರ ಇದೆ. ಮೊದಲು ಒಂದು ಲೋಟ ನೀರು ಕುಡಿಸಬೇಕು, ತಲೆಗೆ ಒದ್ದೆ ಬಟ್ಟೆ ಸುತ್ತಬೇಕು. ಹೃದಯದ ತೊಂದರೆ ಇರುವವರನ್ನೂ ಬಸುರಿಯರನ್ನೂ ಹಬೆ ಪೆಟ್ಟಿಗೆಯೊಳಗೆ ಕೂರಿಸುವ ಹಾಗಿಲ್ಲ. ಯಾರಿಗೆ ಏನು ಕೊಡಬಾರದು ಎನ್ನುವುದೇ ನಮ್ಮ ಓದಿನಲ್ಲಿ ಅರ್ಧ ಭಾಗ.

ನೀರಿನ ಚಿಕಿತ್ಸೆಗೆ ಹೆಸರು ತಂದವರು ಹತ್ತೊಂಬತ್ತನೇ ಶತಮಾನದ ಯುರೋಪಿನವರು: ರೈತ ಪ್ರೀಸ್‌ನಿಟ್ಸ್, ಪಾದ್ರಿ ಕ್ನೈಪ್, ಸೊಂಟ ಸ್ನಾನದ ಲೂಯಿ ಕೂನೆ. ಅದು ನಮ್ಮಲ್ಲಿ ಬೇರು ಬಿಟ್ಟಿದ್ದು ಹೆಚ್ಚಾಗಿ ಗಾಂಧೀಜಿಯಿಂದ. ಮಣ್ಣಿನ ಪಟ್ಟಿಯನ್ನು ಅವರು ತಮ್ಮ ಮೇಲೇ ಪ್ರಯೋಗ ಮಾಡಿಕೊಂಡರು. 1946ರಲ್ಲಿ ಪುಣೆ ಹತ್ತಿರದ ಉರುಳಿ ಕಾಂಚನದಲ್ಲಿ ಹಳ್ಳಿಯವರಿಗಾಗಿ ಚಿಕಿತ್ಸಾ ಆಶ್ರಮ ಶುರುಮಾಡಿಸಿದರು. ಆದರೆ ಶಿಬಿರದವರು ಗಾಂಧೀಜಿ ಫೋಟೊ ಹಾಕುವಾಗ ಒಂದು ವಿಷಯ ಮರೆಯುತ್ತಾರೆ. 1924ರಲ್ಲಿ ಜೈಲಿನಲ್ಲಿದ್ದಾಗ ಅವರಿಗೆ ಅಪೆಂಡಿಸೈಟಿಸ್ ಆಯಿತು. ಆಗ ಅವರು ಹೊಟ್ಟೆಗೆ ಮಣ್ಣು ಮೆತ್ತಿಕೊಂಡು ಮಲಗಲಿಲ್ಲ. ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಬ್ರಿಟಿಷ್ ಸರ್ಜನ್ ಕೈಲಿ ಆಪರೇಷನ್ ಮಾಡಿಸಿಕೊಂಡರು.

ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಹೋದ ವರ್ಷ ಇಂಥ ಶಿಬಿರವೊಂದರಿಂದ ಹಿರಿಯರೊಬ್ಬರನ್ನು ಅವರ ಮಗ ಆಟೋದಲ್ಲಿ ನನ್ನ ಹತ್ತಿರ ಕರೆತಂದ. ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲುತ್ತಿತ್ತು. ಗ್ಲೂಕೋಮೀಟರ್‌ನಲ್ಲಿ ನೋಡಿದರೆ ಶುಗರ್ ತೀರಾ ಕಡಿಮೆ, 48 ಬಂತು. ಶಿಬಿರದಲ್ಲಿ ಬರೀ ಬೂದುಗುಂಬಳದ ರಸದ ಉಪವಾಸ. ಅವರು ಅಭ್ಯಾಸದಂತೆ ಬೆಳಿಗ್ಗೆ ಶುಗರ್ ಮಾತ್ರೆ ನುಂಗಿದ್ದರು. ಯಾವ ಮಾತ್ರೆ ತಗೋತೀರಿ ಅಂತ ಅಲ್ಲಿ ಒಬ್ಬರೂ ಕೇಳಿರಲಿಲ್ಲವಂತೆ. ಸಕ್ಕರೆ ನೀರು ಕುಡಿಸಿ ತಕ್ಷಣ ಆಸ್ಪತ್ರೆಗೆ ಕಳಿಸಿದೆ, ಉಳಿದುಕೊಂಡರು. ಇನ್ಸುಲಿನ್ ಮೇಲೇ ಬದುಕಿರುವ ಮಕ್ಕಳಿಗೆ ಯಾರಾದರೂ ಅದನ್ನು ನಿಲ್ಲಿಸಿ ಅಂದರೆ ಕಥೆ ಇನ್ನೂ ಭಯಂಕರ, ಕೆಲವೇ ದಿನದಲ್ಲಿ ಜೀವಕ್ಕೇ ಕುತ್ತು ಬರುತ್ತದೆ.

ಮನೆಯಲ್ಲಿ ರಸ ಮಾಡಿಕೊಳ್ಳುವವರಿಗೂ ಒಂದು ಮಾತು. ಸೋರೆಕಾಯಿ ರಸ ಕಹಿಯಾಗಿದ್ದರೆ 'ಔಷಧಿ ಅಲ್ವಾ' ಅಂತ ಗಟಗಟ ಕುಡಿಯಬೇಡಿ. ಆ ಕಹಿ ವಿಷ. ವಾಂತಿ, ರಕ್ತಭೇದಿ ಆಗಿ ಜನ ಸತ್ತಿದ್ದೂ ಇದೆ. ಚೂರು ನಾಲಿಗೆಗೆ ಇಟ್ಟು ನೋಡಿ, ಕಹಿ ಇದ್ದರೆ ಚೆಲ್ಲಿಬಿಡಿ.

ಹಾಗಾದರೆ ನಮ್ಮಿಂದ ಏನು ಉಪಯೋಗ? ತುಂಬಾ ಇದೆ. ಬೊಜ್ಜು, ಬಿಪಿ, ದೊಡ್ಡವರಾದ ಮೇಲೆ ಬರುವ ಶುಗರ್, ಮಲಬದ್ಧತೆ, ನಿದ್ದೆ ಬಾರದಿರುವುದು, ಮಂಡಿ ನೋವು. ಇವಕ್ಕೆಲ್ಲ ಊಟ, ನಡಿಗೆ, ನಿದ್ದೆ ಸರಿಮಾಡಿದರೆ ಸಿಗುವ ಗುಣ ಸಣ್ಣದಲ್ಲ. ಅದನ್ನು ರೋಗಿಯ ಪಕ್ಕ ಕೂತು ಕಲಿಸಲು ದೊಡ್ಡ ಆಸ್ಪತ್ರೆಗಳ ಓಪಿಡಿಯಲ್ಲಿ ಪುರುಸೊತ್ತು ಇರುವುದಿಲ್ಲ. ನಮಗೆ ಇದೆ. ತೂಕ ಇಳಿದು, ಶುಗರ್ ಹತೋಟಿಗೆ ಬಂದು, ಅವರ ಡಾಕ್ಟರೇ ಮಾತ್ರೆ ಕಡಿಮೆ ಮಾಡಿದವರು ನನ್ನಲ್ಲಿ ಎಷ್ಟೋ ಜನ ಇದ್ದಾರೆ. ಕಡಿಮೆ ಮಾಡಿದ್ದು ಅವರ ಡಾಕ್ಟರು, ರಿಪೋರ್ಟ್ ನೋಡಿ. ಎದೆನೋವು, ಪಾರ್ಶ್ವವಾಯು, ಕ್ಯಾನ್ಸರ್, ಹಾವು ಕಡಿತ, ಜೋರು ಜ್ವರ ಬಂದರೆ ನಮ್ಮ ಬಾಗಿಲಿಗೆ ಬರಲೇಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.

ಓದಿದವರು ಇಲ್ಲ ಅಂತೇನೂ ಅಲ್ಲ. ಬಿ.ಎನ್.ವೈ.ಎಸ್. ಎನ್ನುವ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ ಪಿಯುಸಿ ಆದ ಮೇಲೆ ಐದೂವರೆ ವರ್ಷದ ಕೋರ್ಸು, ಅದರಲ್ಲಿ ಒಂದು ವರ್ಷ ಇಂಟರ್ನ್‌ಶಿಪ್. ಹೆಣ ಕುಯ್ದು ಅಂಗರಚನೆ ಕಲಿಯುವುದು, ಪೆಥಾಲಜಿ, ಮೈಕ್ರೋಬಯಾಲಜಿ ಎಲ್ಲ ಅದರಲ್ಲೇ ಬರುತ್ತದೆ. ಉಜಿರೆಯ ಕಾಲೇಜು 1989ರಿಂದ ನಡೆಯುತ್ತಿದೆ, ಮೈಸೂರಿನಲ್ಲಿ ಸರ್ಕಾರಿ ಕಾಲೇಜೇ ಇದೆ. ನಾಗಮಂಗಲದಲ್ಲಿ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಇದೆ. ಇಷ್ಟೆಲ್ಲ ಇದ್ದೂ, ವಾರದ ಸರ್ಟಿಫಿಕೇಟ್ ಗೋಡೆಗೆ ನೇತುಹಾಕಿ 'ನ್ಯಾಚುರೋಪತಿ ಡಾಕ್ಟರ್' ಅನ್ನಿಸಿಕೊಳ್ಳುವವರ ಬೋರ್ಡು ಊರೂರಲ್ಲಿ ಕಾಣುತ್ತದೆ.

ಇದಕ್ಕೆ ಒಂದು ಕಾರಣ ಕಾನೂನಿನಲ್ಲೇ ಇದೆ. ಆಯುರ್ವೇದ, ಯುನಾನಿ, ಸಿದ್ಧ ಪದ್ಧತಿಗಳಿಗಾಗಿ 2020ರಲ್ಲಿ, ವೈದ್ಯರ ಓದು ಮತ್ತು ನೋಂದಣಿ ನೋಡಿಕೊಳ್ಳುವ ರಾಷ್ಟ್ರೀಯ ಆಯೋಗದ ಕಾಯ್ದೆ ಬಂತು. ಯೋಗ ಮತ್ತು ಪ್ರಕೃತಿ ಚಿಕಿತ್ಸೆಯನ್ನು ಅದರೊಳಗೆ ಸೇರಿಸಲಿಲ್ಲ. ನಮ್ಮ ರಾಜ್ಯದಲ್ಲಿ 1961ರ ಕಾಯ್ದೆಯಡಿ ನೋಂದಣಿ ಉಂಟು, ಅದು ನಮ್ಮ ಪುಣ್ಯ. ಆದರೆ ಚಿಕಿತ್ಸೆಗೆ ಬರುವವರು ಅದನ್ನು ಕೇಳುವುದೇ ಇಲ್ಲ.

ದಯವಿಟ್ಟು ಕೇಳಿ. ಡಾಕ್ಟರ ಡಿಗ್ರಿ ಏನು, ನೋಂದಣಿ ಸಂಖ್ಯೆ ಎಷ್ಟು ಅಂತ ಕೇಳಿದರೆ ಓದಿದವರು ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಉಪವಾಸ ಮಾಡಿಸುವ ಮುಂಚೆ ನಿಮ್ಮ ಮಾತ್ರೆ ಚೀಟಿ ನೋಡದೆ ಇದ್ದರೆ ಅಲ್ಲಿಂದ ಎದ್ದು ಬನ್ನಿ. ಆಯುಷ್ ಇಲಾಖೆಯ ಜಿಲ್ಲಾ ಅಧಿಕಾರಿಗಳು ಕಲ್ಯಾಣ ಮಂಟಪದ ಶಿಬಿರಗಳಿಗೂ ಒಮ್ಮೆ ಭೇಟಿ ಕೊಡಲಿ, ನೋಂದಾಯಿತ ವೈದ್ಯರಿಲ್ಲದಿದ್ದರೆ ಮುಚ್ಚಿಸಲಿ.

ಸಂಪಾದಕರೇ, ನಿಮ್ಮಲ್ಲಿ ಒಂದು ಕೇಳಿಕೆ. ಶುಗರ್ ವಾಸಿಮಾಡುತ್ತೇವೆಂದು ಔಷಧಿಗೆ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಅದೇ ಬಿಗಿಯನ್ನು ಶಿಬಿರಗಳ ಜಾಹೀರಾತಿಗೂ ನೀವೇ ಇಟ್ಟುಕೊಳ್ಳಿ. ವೈದ್ಯರ ಹೆಸರು, ನೋಂದಣಿ ಸಂಖ್ಯೆ ಇಲ್ಲದ ಜಾಹೀರಾತನ್ನು ನಿಮ್ಮ ಪತ್ರಿಕೆಯಲ್ಲಿ ಹಾಕಬೇಡಿ.

ಇಂತಿ,
ಪ್ರಕೃತಿ ಚಿಕಿತ್ಸಾ ವೈದ್ಯೆ, ಮೈಸೂರು