ಸ್ಯಾಮ್ ಕುಕ್‌ಗೆ ಒಂದೇ ಟೆಸ್ಟ್ ಸಾಕಾ?

ಸಂಪಾದಕರೇ,

ಕೌಂಟಿಯಲ್ಲಿ, ಅಂದರೆ ಇಂಗ್ಲೆಂಡ್‌ನ ದೇಶೀಯ ಕ್ರಿಕೆಟ್‌ನಲ್ಲಿ, ತೆಗೆದ ವಿಕೆಟ್ ಲೆಕ್ಕಕ್ಕಿಲ್ಲ, ಇಂಗ್ಲೆಂಡ್ ಆಯ್ಕೆಗಾರರು ಎತ್ತರ, ವೇಗ ನೋಡುವುದೇ ಸರಿ ಎಂದು ಓದುಗರೊಬ್ಬರು ಈ ಅಂಕಣದಲ್ಲಿ ಬರೆದಿದ್ದರು. ಮಧ್ಯಾಹ್ನ ಮೂರೂವರೆ ಆದರೆ ಸಾಕು, ಕೌಂಟಿಗಳ ಲೈವ್ ಹಾಕಿಕೊಂಡು ಕೂರುವವನು ನಾನು. ಹಾಗಾಗಿ ಸುಮ್ನೆ ಇರೋಕೆ ಆಗಲಿಲ್ಲ, ಅದೂ ಎಸ್ಸೆಕ್ಸ್ ಕೌಂಟಿಯ ಬೌಲರ್ ಸ್ಯಾಮ್ ಕುಕ್ ನೆನಪಾದಾಗ.

ಅವರ ಮಾತಿನಲ್ಲಿ ಅರ್ಧ ನಿಜ ಇದೆ, ಒಪ್ಪುತ್ತೇನೆ. ಆಫ್ ಸ್ಪಿನ್ನರ್ ಶೋಯಬ್ ಬಶೀರ್ ಆರೇ ಆರು ಪ್ರಥಮ ದರ್ಜೆ ಪಂದ್ಯ ಆಡಿ 2024ರಲ್ಲಿ ಇಂಡಿಯಾ ಪ್ರವಾಸಕ್ಕೆ ಬಂದಾಗ ನಾನೂ ನಕ್ಕಿದ್ದೆ. ಹುಡುಗ ರಾಂಚಿಯಲ್ಲಿ ಐದು ವಿಕೆಟ್ ಕಿತ್ತ. ವಾಪಸ್ ಹೋದರೆ ತನ್ನ ಕೌಂಟಿ ಸಾಮರ್ಸೆಟ್‌ನಲ್ಲಿ ಸ್ಪಿನ್ನರ್ ಜಾಕ್ ಲೀಚ್ ಇದ್ದರು, ಜಾಗ ಇರಲಿಲ್ಲ. ಎರವಲಾಗಿ ವೂಸ್ಟರ್‌ಶೈರ್‌ಗೆ ಹೋದ. ಜೂನ್‌ನಲ್ಲಿ ಓವಲ್‌ನಲ್ಲಿ ಸರ್ರೆಯ ಡ್ಯಾನ್ ಲಾರೆನ್ಸ್ ಅವನ ಒಂದೇ ಓವರ್‌ನಲ್ಲಿ ಸತತ ಐದು ಸಿಕ್ಸರ್ ಎತ್ತಿದರು, ಆಮೇಲೆ ಲೆಗ್ ಸೈಡಿಗೆ ಹೋದ ಒಂದು ಬಾಲ್ ಐದು ವೈಡ್, ಅದರ ಮೇಲೊಂದು ನೋಬಾಲ್, ಒಟ್ಟು 38 ರನ್! ಅವನ ಕಥೆ ಮುಗಿಯಿತು ಅಂದುಕೊಂಡೆ. ಮುಂದಿನ ತಿಂಗಳೇ ಟ್ರೆಂಟ್ ಬ್ರಿಜ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಮತ್ತೆ ಐದು ವಿಕೆಟ್. ಜೇಮೀ ಸ್ಮಿತ್ ವಿಷಯವೂ ಹಾಗೇ. ಸರ್ರೆಯಲ್ಲಿ ಗ್ಲೌಸ್ ಬೆನ್ ಫೋಕ್ಸ್ ಕೈಯಲ್ಲಿತ್ತು, ಇಂಗ್ಲೆಂಡ್‌ಗೆ ಮಾತ್ರ ಸ್ಮಿತ್ ಕೀಪರ್ ಆಗಿದ್ದರು. ತಮಾಷೆ ಅನ್ನಿಸುತ್ತೆ ಅಲ್ವಾ? ಆದರೆ 2025ರಲ್ಲಿ ಎಜ್‌ಬಾಸ್ಟನ್‌ನಲ್ಲಿ ನಮ್ಮ ಮೇಲೆ 184 ಹೊಡೆದು ಔಟಾಗದೆ ಉಳಿದ ಮೇಲೆ ನಾನು ಬಾಯಿ ಮುಚ್ಚಿಕೊಂಡೆ.

ನನ್ನ ತಕರಾರು ಬೇರೆ. ಜಾಷ್ ಹಲ್ ಪ್ರಥಮ ದರ್ಜೆ ಸರಾಸರಿ (ಒಂದು ವಿಕೆಟ್‌ಗೆ ಕೊಟ್ಟ ರನ್) 60ರ ಮೇಲಿದ್ದರೂ ಎತ್ತರದ ಎಡಗೈ ಬೌಲರ್ ಅಂತ ಟೆಸ್ಟ್ ಆಡಿಸಿದರು. ಎಸ್ಸೆಕ್ಸ್‌ನ ಸ್ಯಾಮ್ ಕುಕ್ 300ಕ್ಕೂ ಜಾಸ್ತಿ ವಿಕೆಟ್ ತೆಗೆದಿದ್ದರು, ಅದೂ 20ಕ್ಕಿಂತ ಕಡಿಮೆ ಸರಾಸರಿಯಲ್ಲಿ. ಆದರೂ 27ನೇ ವಯಸ್ಸಿನವರೆಗೆ ಕಾಯಬೇಕಾಯಿತು. ಕೊನೆಗೆ 2025ರ ಮೇನಲ್ಲಿ ಜಿಂಬಾಬ್ವೆ ವಿರುದ್ಧ ಅವಕಾಶ. ಬ್ಯಾಟಿಂಗ್‌ಗೆ ಹೇಳಿ ಮಾಡಿಸಿದ ಪಿಚ್, ಇಂಗ್ಲೆಂಡ್ 565 ಹೊಡೆದ ಪಂದ್ಯ, ಕುಕ್‌ಗೆ ಸಿಕ್ಕಿದ್ದು ಒಂದೇ ವಿಕೆಟ್. ಅದಾದ ಮೇಲೆ ನಡೆದ ಇಂಡಿಯಾ ಸರಣಿಯ ಹನ್ನೊಂದರಲ್ಲಿ ಹೆಸರೇ ಇಲ್ಲ. ಬಶೀರ್‌ಗೆ ಕೊಟ್ಟ ತಾಳ್ಮೆಯಲ್ಲಿ ಕಾಲು ಭಾಗ ಇವರಿಗೆ ಕೊಡಬಾರದಿತ್ತಾ?

ಹೆಚ್ಚು ಸ್ವಿಂಗ್ ಆಗುವ ಡ್ಯೂಕ್ಸ್ ಬಾಲು, ಏಪ್ರಿಲ್ ಚಳಿ, ಹಸಿರು ಪಿಚ್, 130 ಕಿ.ಮೀ. ಬೌಲರ್‌ಗೆ ಅಲ್ಲಿ ಯಾರು ಬೇಕಾದರೂ ಔಟಾಗ್ತಾರೆ ಅನ್ನುತ್ತಾರೆ. ಇರಬಹುದು. ಆದರೆ 2024ರ ಏಪ್ರಿಲ್‌ನಲ್ಲಿ ಕೌಂಟಿಯ ಮೊದಲ ಎರಡು ಸುತ್ತು ಆಡಿಸಿದ್ದು ಅಷ್ಟು ಸ್ವಿಂಗ್ ಆಗದ ಕೂಕಬುರಾ ಬಾಲ್‌ನಲ್ಲಿ. ಅದೇ ಟ್ರೆಂಟ್ ಬ್ರಿಜ್‌ನಲ್ಲಿ ಕುಕ್ ನಾಟಿಂಗ್‌ಹ್ಯಾಮ್‌ಶೈರ್‌ನ ಹತ್ತು ವಿಕೆಟ್ ಕಿತ್ತಿದ್ದರು. ಆಗ ಬಾಲ್ ಮೇಲೆ ತಪ್ಪು ಹೊರಿಸೋಕೆ ಆಗಲ್ಲ.

ಅಂದಹಾಗೆ, 1995ರಲ್ಲಿ ನಾರ್ಥಾಂಪ್ಟನ್‌ಶೈರ್‌ಗೆ ಅನಿಲ್ ಕುಂಬ್ಳೆ 105 ವಿಕೆಟ್ ತೆಗೆದಿದ್ದು ಇದೇ ಕೌಂಟಿಯಲ್ಲಿ. ಅದೂ ಲೆಕ್ಕಕ್ಕಿಲ್ಲ ಅಂತ ಆ ಓದುಗರು ಹೇಳ್ತಾರಾ?

ಕೊನೆಗೆ ನಿಮ್ಮಲ್ಲೇ ಒಂದು ವಿನಂತಿ. ಕ್ರೀಡಾ ಪುಟದ ಮೂಲೆಯಲ್ಲಿ ಕೌಂಟಿ ಸ್ಕೋರಿಗೆ ಎರಡು ಸಾಲು ಜಾಗ ಕೊಡಿ. 18 ತಂಡದ್ದೂ ಬೇಡ, ಮೊದಲ ಡಿವಿಜನ್‌ದು ಹಾಕಿದರೂ ಸಾಕು.

— ನಿಮ್ಮ ಹಳೆಯ ಓದುಗ