ಮಂಗ ಸತ್ತರೆ ಯಾರಿಗೆ ಹೇಳಬೇಕು?

ಮಾನ್ಯ ಸಂಪಾದಕರೇ,

ಮಂಗನ ಕಾಯಿಲೆಯ ಬಗ್ಗೆ ‘ತಾಲ್ಲೂಕಿನಾದ್ಯಂತ ಕಟ್ಟೆಚ್ಚರ’ ಎಂಬ ಸೋಮವಾರದ ವರದಿ ಓದಿ ಮೈ ಉರಿಯಿತು. ವರದಿಗಾರರ ತಪ್ಪಿಲ್ಲ, ಸಭೆಯಲ್ಲಿ ಅಧಿಕಾರಿಗಳು ಹೇಳಿದ್ದನ್ನೇ ಬರೆದಿದ್ದಾರೆ. ಆದರೆ ಆ ಸಭೆ ನಡೆಯುತ್ತಿದ್ದ ಹೊತ್ತಿಗೆ ತೋಟಕ್ಕೆ ಸೊಪ್ಪು ತರುವ ನಮ್ಮ ಸೊಪ್ಪಿನಬೆಟ್ಟದ ಕಾಡಿನಲ್ಲಿ ಸತ್ತ ಮಂಗವೊಂದು ಕೊಳೆಯುತ್ತ ಬಿದ್ದಿತ್ತು. ಸುದ್ದಿ ಮುಟ್ಟಿಸಿದ್ದರೂ ಒಬ್ಬರೂ ಇತ್ತ ಸುಳಿದಿರಲಿಲ್ಲ.

ನಮ್ಮ ಕೇರಿಯಲ್ಲಿ ಮೊಬೈಲ್ ಸಿಗ್ನಲ್ ಬೇಕೆಂದರೆ ಗುಡ್ಡದ ನೆತ್ತಿಗೆ ಹತ್ತಬೇಕು. ಹತ್ತಿ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿದರೆ ‘ಕಾಡಿನಲ್ಲಿ ಸತ್ತದ್ದಾದರೆ ಅರಣ್ಯದವರಿಗೆ ತಿಳಿಸಿ’ ಎಂದರು. ಅರಣ್ಯದವರು ‘ಮರಣೋತ್ತರ ಪರೀಕ್ಷೆ ಪಶುವೈದ್ಯರ ಕೆಲಸ’ ಎಂದರು. ಪಶುವೈದ್ಯರ ಹುದ್ದೆ ಖಾಲಿ, ಪ್ರಭಾರದಲ್ಲಿರುವವರು ಬೇರೆ ಊರಿನಲ್ಲಿ. ಕೊನೆಗೆ ಯಾರೋ ಒಬ್ಬರು ‘ಫೋಟೊ, ಲೊಕೇಶನ್ ವಾಟ್ಸ್‌ಆ್ಯಪ್ ಮಾಡಿ’ ಎಂದರು. ಮಾತೇ ಕಡಿದುಹೋಗುವ ಜಾಗದಲ್ಲಿ ಫೋಟೊ ಹೋಗುವುದು ಹೇಗೆ? ಅದೇ ಬೆಟ್ಟದಲ್ಲಿ ನಾವು ಒಂದು ಒಣಮರಕ್ಕೆ ಕತ್ತಿ ಹಾಕಿದರೆ ಸಂಜೆಯೊಳಗೆ ಅರಣ್ಯದವರ ಜೀಪು ಬಂದು ನಿಲ್ಲುತ್ತದೆ. ಆಗ ಬೆಟ್ಟ ಯಾರದು ಎಂದು ಯಾರೂ ಯಾರನ್ನೂ ಕೇಳುವುದಿಲ್ಲ.

ಈ ಜ್ವರ ನಮಗೆ ಹೊಸದಲ್ಲ. ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯತೊಡಗಿದಾಗಲೇ ಇದು ಗೊತ್ತಾದದ್ದು. ಮಂಗ ಸತ್ತ ಮೇಲೆ ಅದರ ಮೈಮೇಲಿನ ರಕ್ತ ಹೀರುವ ಉಣುಗುಗಳು (ಉಣ್ಣೆಗಳು) ಕೆಳಗಿಳಿದು ಆ ಜಾಗದ ಎಲೆಯಲ್ಲಿ, ದರಕಿನಲ್ಲಿ ಎಂದರೆ ಉದುರಿದ ಒಣ ಎಲೆಯಲ್ಲಿ ಸೇರಿಕೊಳ್ಳುತ್ತವೆ. ನಂತರ ಅಲ್ಲಿಗೆ ಹೋದವರಿಗೆ ಹತ್ತಿ, ಕಚ್ಚಿ ರೋಗ ಅಂಟಿಸುತ್ತವೆ. ಮರಿ ಉಣುಗು ಕಣ್ಣಿಗೆ ಸರಿಯಾಗಿ ಕಾಣಿಸುವುದೂ ಇಲ್ಲ. ಅಂದರೆ ಮನುಷ್ಯರಿಗೆ ಜ್ವರ ಬರುವ ಮೊದಲೇ ಕಾಡು ನಮಗೆ ಸುದ್ದಿ ಕೊಡುತ್ತದೆ. ಆ ಸುದ್ದಿಯನ್ನು ಹಿಡಿಯುವುದೇ ಸರ್ವೇಕ್ಷಣೆ. ಮನುಷ್ಯ ಮಲಗಿದ ಮೇಲೆ ರಕ್ತ ತೆಗೆದು ‘ಪಾಸಿಟಿವ್’ ಎಂದು ಬರೆದುಕೊಳ್ಳುವುದಕ್ಕೆ ಇಷ್ಟು ದೊಡ್ಡ ವ್ಯವಸ್ಥೆ ಬೇಕೆ?

ಕಡೆಗೂ ಇಬ್ಬರು ಬಂದರು. ಅಷ್ಟರಲ್ಲಿ ನಾಯಿಗಳು ಹೆಣವನ್ನು ಹಳ್ಳದ ಅಂಚಿಗೆ ಎಳೆದುಕೊಂಡು ಹೋಗಿದ್ದವು. ‘ಕೊಳೆತಿದೆ, ಸ್ಯಾಂಪಲ್‌ಗೆ ಬರುವುದಿಲ್ಲ’ ಎಂದು ಸುಟ್ಟು, ಅಲ್ಲೇ ಸುತ್ತ ಉಣುಗು ಸಾಯಿಸುವ ಪುಡಿ ಎರಚಿ, ಫೋಟೊ ಹೊಡೆದುಕೊಂಡರು. ಮಂಗ ಮೊದಲು ಬಿದ್ದಿದ್ದದ್ದು ಮೇಲಿನ ಮತ್ತಿಮರದ ಬುಡದಲ್ಲಿ, ಉಣುಗು ಇದ್ದರೆ ಅಲ್ಲಿ ಇರುತ್ತದೆ ಎಂದು ಬೇಡಿಕೊಂಡೆ. ನೆಲದ ಮೇಲೆ ಬಿಳಿ ಬಟ್ಟೆ ಎಳೆದು ಉಣುಗು ಹಿಡಿದು ಪ್ರಯೋಗಾಲಯಕ್ಕೆ ಕಳುಹಿಸುವ ಕ್ರಮವಿದೆಯಲ್ಲ, ಅದನ್ನಾದರೂ ಮಾಡಿ ಎಂದೆ. ಅದಕ್ಕೆ ಬೇರೆ ತಂಡವಂತೆ. ಆ ತಂಡ ಇನ್ನೂ ಬಂದಿಲ್ಲ.

ಇತ್ತ ನಮ್ಮ ಪಾಡು ಕೇಳುವವರಿಲ್ಲ. ವಿಷಯ ತಿಳಿದ ಕೊನೆಗಾರರು (ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವರು) ತೋಟಕ್ಕೆ ಕಾಲಿಡಲು ಒಪ್ಪುತ್ತಿಲ್ಲ, ಅವರನ್ನು ದೂರುವಂತೆಯೂ ಇಲ್ಲ. ಕಾಯಿ ಹಸಿರಿರುವಾಗಲೇ ಕೊಯ್ದು ಕೆಂಪಡಿಕೆ ಮಾಡಬೇಕೆಂದು ಲೆಕ್ಕ ಹಾಕಿದ್ದ ಗೊನೆಗಳು ಮರದಲ್ಲೇ ಹಣ್ಣಾದವು. ದರಕು ತರುವ ಕಾಲವಿದು, ಕೊಟ್ಟಿಗೆಗೆ ಹಾಸಲು ಏನೂ ಇಲ್ಲ. ದನಗಳನ್ನು ಬೆಟ್ಟಕ್ಕೆ ಬಿಡುವ ಹಾಗಿಲ್ಲ, ಕಟ್ಟಿ ಹಾಕಿದರೆ ಹುಲ್ಲು ಸಾಲದು. ಪಕ್ಕದ ಮನೆಯ ಹೆಣ್ಣುಮಗಳಿಗೆ ಜ್ವರ, ತಲೆ ಸಿಡಿಯುವಂಥ ನೋವು. ರಕ್ತ ಕೊಟ್ಟು ಬಂದಿದ್ದಾಳೆ, ವರದಿ ಇನ್ನೂ ಬಂದಿಲ್ಲ. ಮನೆಯವರಿಗೆ ರಾತ್ರಿ ನಿದ್ದೆಯಿಲ್ಲ. ಇದ್ದುದರಲ್ಲಿ ಆಶಾ ಕಾರ್ಯಕರ್ತೆಯೊಬ್ಬರೇ ಬಿಸಿಲಿನಲ್ಲಿ ನಡೆದು ಬಂದು ಮನೆಮನೆ ವಿಚಾರಿಸಿದರು. ಅವರ ಚೀಲದಲ್ಲಿ ಮನೆಗೊಂದೇ ಡೇಪಾ ಎಣ್ಣೆ ಬಾಟಲಿ, ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳಲು. ಮನೆಮಂದಿಯೆಲ್ಲ ಬೆಟ್ಟಕ್ಕೆ ಹೋಗುವವರು, ಒಂದು ಬಾಟಲಿ ಯಾರ ಕಾಲಿಗೆ ಸಾಕು?

2024ರಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿ ಜನ ಈ ಜ್ವರದಿಂದ ಸತ್ತರು. ಆಗಲೂ ಸಚಿವರು ಬಂದರು, ಸಭೆ ಮಾಡಿದರು, ಹೋದರು. ಪರಿಣಾಮ ಸಾಲದೆಂದು ಹಳೆಯ ಲಸಿಕೆಯನ್ನು ನಿಲ್ಲಿಸಿದ್ದಾರೆ, ಹೊಸದು ಇನ್ನೂ ನಮ್ಮ ಕೈಗೆ ಬಂದಿಲ್ಲ. ಲಸಿಕೆಯೇ ಇಲ್ಲದಾಗ ನಿಗಾ ಎಷ್ಟು ಬಿಗಿಯಾಗಿರಬೇಕು! ರೋಗ ಉಲ್ಬಣಿಸಿದರೆ ಇಂದಿಗೂ ಮಣಿಪಾಲದ ದಾರಿಯೇ ಗತಿ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯ ಜನ ಬೀದಿಗಿಳಿದು ಕೂಗಿದ್ದು ಯಾರ ಕಿವಿಗೆ ಬಿತ್ತು? ನಮ್ಮ ಹಳ್ಳಕ್ಕೆ ನಡೆದು ದಾಟುವ ಕಾಲುಸಂಕ ಮಾಡಿಸುತ್ತೇವೆ ಎಂದವರೂ ಇವರೇ. ಮಳೆಗಾಲದಲ್ಲಿ ಇಂದಿಗೂ ಸೀಳಿದ ಅಡಿಕೆ ಮರದ ದಬ್ಬೆಯ ಮೇಲೆ ನಡೆದೇ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ.

ಮಂಗ ಸತ್ತರೆ ಯಾರಿಗೆ ಹೇಳಬೇಕು ಎಂದು ಒಂದೇ ಒಂದು ನಂಬರ್ ಕೊಡಿ, ಆ ನಂಬರ್ ಎತ್ತುವವನಿಗೆ ಮೂರೂ ಇಲಾಖೆಯವರನ್ನು ಹೊರಡಿಸುವ ಅಧಿಕಾರ ಕೊಡಿ. ಅದಾಗದಿದ್ದರೆ ಎಲ್ಲ ಮನೆಗೂ ಸಾಕಷ್ಟು ಎಣ್ಣೆಯನ್ನಾದರೂ ಕೊಡಿ. ಅದೂ ಆಗದಿದ್ದರೆ ಪತ್ರಿಕೆಯಲ್ಲಿ ಕಟ್ಟೆಚ್ಚರ ಎಂದು ಹೇಳಿಕೆ ಕೊಡುವುದನ್ನು ನಿಲ್ಲಿಸಿ. ತಿಂಗಳು ತುಂಬಿದೊಡನೆ ಸಂಬಳ ಎಣಿಸಿಕೊಳ್ಳುವವರಿಗೆ ಸತ್ತ ಮಂಗವನ್ನು ಹೊತ್ತಿಗೆ ಸರಿಯಾಗಿ ಎಣಿಸಲು ಏನು ಧಾಡಿ?

— ಒಬ್ಬ ಅಡಿಕೆ ಬೆಳೆಗಾರ, ಶಿರಸಿ ತಾಲ್ಲೂಕು